ಫ್ರಂಟ್ ಡಿಫರೆನ್ಷಿಯಲ್ ಹೋಗಿದೆ, ಪೂರ್ತಿ ಬದಲಾಯಿಸಿ ಅಂದರೆ: ಎಟಿವಿ ಇರುವವರು ಮೊದಲು ಏನು ನೋಡಬೇಕು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಎರಡು ವರ್ಷದ ಹಿಂದೆ ಪೋಲಾರಿಸ್ ಸ್ಪೋರ್ಟ್ಸ್‌ಮನ್ 570 ಎಟಿವಿ (ಕೆಸರು, ಗುಡ್ಡದಲ್ಲಿ ಓಡಿಸುವ, ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಸೆಕೆಂಡ್ ಹ್ಯಾಂಡ್ ತಗೊಂಡೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಫೋರ್ ವೀಲ್ ಸ್ವಿಚ್ ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲ. ಮೀಟರಿನಲ್ಲಿ ಗುರುತು ಮಾತ್ರ ಬರುತ್ತದೆ. ಏರಿನಲ್ಲಿ ಒಮ್ಮೊಮ್ಮೆ ಮುಂದುಗಡೆಯಿಂದ ಕಟ್ ಕಟ್ ಅಂತ ಸದ್ದು. ಗ್ಯಾರೇಜಿನವರು ಓಡಿಸಿ ನೋಡಿ, ಫ್ರಂಟ್ ಡಿಫರೆನ್ಷಿಯಲ್ (ಮುಂದಿನ ಎರಡು ಚಕ್ರಕ್ಕೆ ಶಕ್ತಿ ಕೊಡುವ ಗೇರಿನ ಡಬ್ಬ) ಹೋಗಿದೆ, ಪೂರ್ತಿ ಬದಲಾಯಿಸಬೇಕು, 1,60,000 ರೂಪಾಯಿ ಆಗುತ್ತದೆ ಅಂದರು. ಬದಲಾಯಿಸಲೇಬೇಕಾ? ಅಲ್ಲಿಯವರೆಗೆ ಟೂ ವೀಲ್‌ನಲ್ಲಿ ಓಡಿಸಬಹುದಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ಇವತ್ತೇ ಬೇಕಾದದ್ದು. ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ, ಟೂ ವೀಲ್‌ನಲ್ಲೂ ಬೇಡ. ಜೀಪ್ ಓಡಿಸಿ ಅಭ್ಯಾಸ ಇರುವವರು ಟೂ ವೀಲ್‌ಗೆ ಹಾಕಿದರೆ ಮುಂದಿನ ಗೇರು ಆರಾಮಾಗಿ ಕೂತಿರುತ್ತದೆ ಅಂದುಕೊಳ್ಳುತ್ತಾರೆ. ನಿಮ್ಮ ಗಾಡಿಯಲ್ಲಿ ಹಾಗಿಲ್ಲ. ಸ್ವಿಚ್ ಆಫ್ ಇದ್ದರೂ ಮುಂದಿನ ಡಬ್ಬಕ್ಕೆ ಶಕ್ತಿ ಒಯ್ಯುವ ಉದ್ದನೆ ಪ್ರೊಪೆಲ್ಲರ್ ಷಾಫ್ಟ್ ತಿರುಗುತ್ತಲೇ ಇರುತ್ತದೆ, ಅದರ ಜೊತೆ ಡಬ್ಬದ ಒಳಗಿನ ಕ್ರೌನ್ ಮತ್ತು ಪಿನಿಯನ್, ಅಂದರೆ ಹಲ್ಲಿಗೆ ಹಲ್ಲು ಸೇರಿರುವ ದೊಡ್ಡ ಗೇರು ಮತ್ತು ಸಣ್ಣ ಗೇರು, ಅವೂ ತಿರುಗುತ್ತಿರುತ್ತವೆ. ಒಂದು ಹಲ್ಲು ಮುರಿದಿದ್ದರೆ ಆ ಚೂರು ಉಳಿದ ಹಲ್ಲುಗಳ ನಡುವೆ ಸಿಕ್ಕಿ ಅವನ್ನೂ ತಿನ್ನುತ್ತದೆ. ಕೊನೆಗೆ ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಡಬ್ಬದ ಹೊರಮೈ, ಒಡೆಯುತ್ತದೆ. ಆಮೇಲೆ ರಿಪೇರಿ ಅನ್ನುವ ಮಾತೇ ಉಳಿಯುವುದಿಲ್ಲ.

ಕೊಯ್ಲಿನ ಹೊತ್ತು, ಗಾಡಿ ನಿಲ್ಲಿಸೋಕೆ ಆಗಲ್ಲ ಅಂದರೆ ಒಂದು ದಾರಿ ಇದೆ. ಮುಂದಿನ ಪ್ರೊಪೆಲ್ಲರ್ ಷಾಫ್ಟನ್ನೇ ಬಿಚ್ಚಿ ತೆಗೆದಿಡಿ. ಅದನ್ನು ಹಿಡಿದಿರುವುದು ಒಂದು ರೋಲ್ ಪಿನ್, ಅಂದರೆ ಅಡ್ಡಕ್ಕೆ ಹೊಡೆದಿರುವ ಸಣ್ಣ ಉಕ್ಕಿನ ಕಡ್ಡಿ. ಪಂಚ್ ಇಟ್ಟು ಹೊಡೆದರೆ ಬರುತ್ತದೆ, ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಡಬ್ಲ್ಯುಡಿ-40 ಬಿಟ್ಟಿಡಿ. ಷಾಫ್ಟ್ ತೆಗೆದ ಮೇಲೆ ಗಾಡಿ ಬರೀ ಹಿಂದಿನ ಚಕ್ರದಲ್ಲಿ ಓಡುತ್ತದೆ, ಕ್ರೌನ್-ಪಿನಿಯನ್ ನಿಂತಿರುತ್ತದೆ. ಸಪಾಟು ದಾರಿಯಲ್ಲಿ ಗೊಬ್ಬರದ ಚೀಲ ಸಾಗಿಸಲು ಅಷ್ಟು ಸಾಕು. ಇಳಿಜಾರಿನ ಕೆಸರಿಗೆ ಮಾತ್ರ ಇಳಿಸಬೇಡಿ.

ಇನ್ನು 1,60,000 ರೂಪಾಯಿ. ಈಗಲೇ ಕೊಡಬೇಡಿ. ಗ್ಯಾರೇಜಿನವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಓಡಿಸಿ ನೋಡಿದರು ಅಂತ ಬರೆದಿದ್ದೀರಿ. ಆಯಿಲ್ ಇಳಿಸಿ ನೋಡಿದರು ಅಂತ ಎಲ್ಲೂ ಬರೆದಿಲ್ಲ, ವೈರಿಗೆ ಮೀಟರ್ ಇಟ್ಟರು ಅಂತಲೂ ಇಲ್ಲ. ಈ ಎರಡು ಕೆಲಸಕ್ಕೆ ಒಂದು ಗಂಟೆ ಸಾಕು, ಖರ್ಚು ಏನೂ ಇಲ್ಲ. ಇವು ಆಗದೆ ಡಿಫರೆನ್ಷಿಯಲ್ ಹೋಗಿದೆ ಅಂತ ಯಾರು ಹೇಳಿದರೂ ಅದು ಊಹೆ. ಒಂದೂವರೆ ಲಕ್ಷದ ಊಹೆ ಬೇಡ ಅಲ್ವಾ?

ಗಾಡಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ನಿಂತು ಮಾತಾಡುವುದು ಸುಲಭ. ನಿಜ ಹೇಳಬೇಕೆಂದರೆ ನಿಮ್ಮ ಗಾಡಿಯ ಮುಂದಿನ ಡಬ್ಬದಲ್ಲಿ ಜೀಪಿನಲ್ಲಿ ಇರುವಂಥ ಡಿಫರೆನ್ಷಿಯಲ್ಲೇ ಇಲ್ಲ. ಜೀಪಿನಲ್ಲಿ ಕ್ರೌನ್ ಒಳಗೆ ಸಣ್ಣ ಹಲ್ಲುಚಕ್ರಗಳಿರುತ್ತವೆ, ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಓಡಲು ಅವೇ ಬಿಡುವುದು. ಪೋಲಾರಿಸ್‌ನಲ್ಲಿ ಆ ಹಲ್ಲುಚಕ್ರಗಳ ಜಾಗದಲ್ಲಿ ರೋಲರುಗಳಿವೆ. ನಮ್ಮ ಕಿರುಬೆರಳಿಗಿಂತ ಸಣ್ಣ ಉಕ್ಕಿನ ತುಂಡುಗಳು, ಒಂದು ಗೂಡಿನ ಸುತ್ತ ಜೋಡಿಸಿರುತ್ತಾರೆ. ಕ್ರೌನಿನ ಒಳಮೈ ಪೂರ್ತಿ ಗುಂಡಗಿಲ್ಲ, ಅಲ್ಲಲ್ಲಿ ಸಣ್ಣ ಇಳಿಜಾರು ಕೊರೆದಿದ್ದಾರೆ. ಸ್ವಿಚ್ ಹಾಕಿದಾಗ ಹೌಸಿಂಗಿನ ಕವರಿನಲ್ಲಿರುವ ಒಂದು ಕಾಯಿಲ್‌ಗೆ ಕರೆಂಟ್ ಹೋಗಿ ಅದು ಅಯಸ್ಕಾಂತ ಆಗುತ್ತದೆ. ಅದು ಒಂದು ತೆಳು ಪ್ಲೇಟನ್ನು ಎಳೆದು ಹಿಡಿಯುತ್ತದೆ. ಆ ಪ್ಲೇಟು ರೋಲರಿನ ಗೂಡನ್ನು ಒಂಚೂರು ಹಿಂದಕ್ಕೆ ತಡೆಯುತ್ತದೆ. ಗೂಡು ಹಿಂದೆ ಬಿದ್ದಾಗ ರೋಲರುಗಳು ಇಳಿಜಾರಿನ ಮೇಲೆ ಹತ್ತಿ ಕ್ರೌನಿಗೂ ಆಕ್ಸಲ್ ಹಬ್ಬಿಗೂ (ಚಕ್ರಕ್ಕೆ ಹೋಗುವ ಆಕ್ಸಲ್ ಕೂರುವ ಗುಂಡನೆ ಭಾಗ) ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಆಗ ಮುಂದಿನ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ. ಬಾಗಿಲು ಮುಚ್ಚದಿರಲಿ ಅಂತ ಕೆಳಗೆ ಮರದ ಚಕ್ಕೆ ಸಿಕ್ಕಿಸುತ್ತೇವಲ್ಲ, ಹಾಗೆ.

ಇಲ್ಲಿ ಇನ್ನೊಂದು ವಿಷಯ ಇದೆ. ಮುಂದಿನ ಗೇರಿನ ಲೆಕ್ಕವನ್ನು ಬೇಕಂತಲೇ ಹಿಂದಿನದಕ್ಕಿಂತ ಸ್ವಲ್ಪ ನಿಧಾನ ಇಟ್ಟಿದ್ದಾರೆ. ಹಾಗಾಗಿ ಒಣ ನೆಲದಲ್ಲಿ ಸ್ವಿಚ್ ಹಾಕಿದರೂ ಮುಂದಿನ ಚಕ್ರ ಎಳೆಯುವುದಿಲ್ಲ, ಸುಮ್ನೆ ಉರುಳುತ್ತದೆ. ಹಿಂದಿನ ಚಕ್ರ ಜಾರಿ ಜೋರಾಗಿ ಸುತ್ತಿದಾಗ ಮಾತ್ರ ಕ್ರೌನ್ ಚಕ್ರದ ವೇಗ ಮುಟ್ಟಿ ರೋಲರು ಹಿಡಿಯುತ್ತದೆ. ಫೋರ್ ವೀಲ್ ಕೆಲಸ ಮಾಡುತ್ತಿಲ್ಲ ಅಂತ ನನ್ನ ಹತ್ತಿರ ತಂದ ಗಾಡಿಗಳಲ್ಲಿ ಕೆಲವಕ್ಕೆ ಏನೂ ಆಗಿರಲಿಲ್ಲ, ಅಂಗಳದಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದರು ಅಷ್ಟೆ. ಪರೀಕ್ಷೆ ಕೆಸರಲ್ಲೇ ಆಗಬೇಕು. ಒಬ್ಬರು ನಿಧಾನಕ್ಕೆ ಓಡಿಸಲಿ, ಇನ್ನೊಬ್ಬರು ಪಕ್ಕಕ್ಕೆ ದೂರ ನಿಂತು ಹಿಂದಿನ ಚಕ್ರ ಜಾರುವಾಗ ಮುಂದಿನದು ತಿರುಗುತ್ತದಾ ಅಂತ ನೋಡಲಿ. ಎಂಜಿನ್ 3100 ಆರ್‌ಪಿಎಂ ಮೇಲೆ ಓಡುತ್ತಿರುವಾಗ ಸ್ವಿಚ್ ಒತ್ತಿದರೆ ಅದು ಹಿಡಿಯುವುದಿಲ್ಲ, ಆರ್‌ಪಿಎಂ ಕೆಳಗೆ ಇಳಿದ ಮೇಲೆ ಹಿಡಿಯುತ್ತದೆ. ಗಾಡಿಯನ್ನು ಕಾಪಾಡೋಕೆ ಕಂಪನಿಯವರೇ ಹಾಗೆ ಇಟ್ಟಿದ್ದಾರೆ. ನೀವು ಕೆಸರಲ್ಲೇ ನೋಡಿದ್ದೀರಿ ಅಂದುಕೊಂಡು ಮುಂದೆ ಹೇಳುತ್ತೇನೆ, ಸದ್ದು ಇರುವಾಗ ಈಗ ಮತ್ತೆ ಓಡಿಸಿ ನೋಡಬೇಡಿ.

ಮೊದಲು ಕರೆಂಟ್. ಮೀಟರಿನಲ್ಲಿ ಗುರುತು ಬರುವುದು ಸ್ವಿಚ್ ಒತ್ತಿದ್ದೀರಿ ಅನ್ನುವುದಕ್ಕೆ. ಕಾಯಿಲ್‌ಗೆ ಕರೆಂಟ್ ಮುಟ್ಟಿದೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಮುಂದಿನ ಡಬ್ಬದಿಂದ ಎರಡು ವೈರ್ ಹೊರಗೆ ಬಂದು ಒಂದು ಕನೆಕ್ಟರಿಗೆ ಸೇರುತ್ತವೆ. ಅದನ್ನು ಬಿಚ್ಚಿ ಡಬ್ಬದ ಕಡೆಯ ಎರಡು ಪಿನ್ನಿಗೆ ಮಲ್ಟಿಮೀಟರ್ ಇಟ್ಟು ಓಮ್ಸ್ ನೋಡಿ. ಸುಮಾರು 24 ಓಮ್ಸ್ ಬರಬೇಕು, 22 ರಿಂದ 26ರ ಒಳಗೆ ಇದ್ದರೆ ಕಾಯಿಲ್ ಚೆನ್ನಾಗಿದೆ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ, ತೀರಾ ಕಡಿಮೆ ಬಂದರೆ ಶಾರ್ಟ್ ಆಗಿದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಿಚ್ ಹಾಕಿ, ಗಾಡಿಯ ಕಡೆಯಿಂದ ಬರುವ ವೈರಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಕಾಯಿಲ್ ಎಳೆಯುವ ಕರೆಂಟ್ ಅರ್ಧ ಆಂಪಿಯರ್ ಅಷ್ಟೆ, ಆದರೂ ಕನೆಕ್ಟರಿನಲ್ಲಿ ಹಸಿರು ಕಿಲುಬು ಜಾಸ್ತಿ ಹಿಡಿದಿದ್ದರೆ ಅಯಸ್ಕಾಂತದ ಶಕ್ತಿ ಬಿದ್ದುಹೋಗುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಕಿಲುಬು ಹಿಡಿಯದ ಕನೆಕ್ಟರ್ ನಾನು ನೋಡಿಲ್ಲ.

ಒಂದು ಗಾಡಿ ನೆನಪಾಗುತ್ತದೆ. ಬೇರೆ ಕಡೆ ಹೊಸ ಡಿಫರೆನ್ಷಿಯಲ್ ಹಾಕಿಸಿಕೊಂಡು ಆಮೇಲೆ ನನ್ನ ಹತ್ತಿರ ತಂದಿದ್ದರು. ಹೊಸದು ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲ. ಮಡ್‌ಗಾರ್ಡ್ ಕೆಳಗೆ ಕೈ ಹಾಕಿ ವೈರ್ ಹಿಡಿದು ಬಂದೆ. ಸಸ್ಪೆನ್ಷನ್ ಆರ್ಮ್ ಹತ್ತಿರ ಒಂದು ವೈರಿನ ಮೇಲ್ಪದರ ಪೂರ್ತಿ ಹೋಗಿ ತಾಮ್ರದ ಎಳೆಗಳು ಕಪ್ಪಾಗಿದ್ದವು. ಶೆಡ್ಡಿನಲ್ಲಿ ಇಲಿ ಕಡಿದಿತ್ತು. ಒಂದು ಗೇಣು ವೈರ್, ಸ್ವಲ್ಪ ಸೋಲ್ಡರ್, ಮೇಲೆ ಒಂದು ಸ್ಲೀವ್. ಹತ್ತೇ ನಿಮಿಷದ ಕೆಲಸ. ಹಳೆಯ ಡಿಫರೆನ್ಷಿಯಲ್ಲನ್ನು ಅವರು ಆಗಲೇ ಗುಜರಿಗೆ ಕೊಟ್ಟಿದ್ದರು. ಆ ದಿನ ಅವರ ಮುಖ ನೋಡಲು ನನಗೇ ಸಂಕಟ ಆಯಿತು. ಆವತ್ತಿನಿಂದ ಯಾರು ಕೇಳಿದರೂ ಮೊದಲು ಮೀಟರ್ ಇಡಿ ಅಂತಲೇ ಹೇಳುತ್ತೇನೆ.

ಕರೆಂಟ್ ಸರಿ ಇದೆ ಅಂದರೆ ಆಯಿಲ್. ನಿಮ್ಮ ಗಾಡಿಯ ಕಾಯಿಲೆ ಇಲ್ಲೇ ಗೊತ್ತಾಗುತ್ತದೆ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಸದ್ದೂ ಇದೆ, ಮಳೆಗಾಲವೂ ಆಗಿದೆ. ಗಾಡಿಯನ್ನು ಸ್ವಲ್ಪ ಓಡಿಸಿ ಆಯಿಲ್ ಬಿಸಿ ಮಾಡಿ ಅಂತ ಬೇರೆ ಗಾಡಿಗೆ ಹೇಳುತ್ತೇನೆ, ನಿಮ್ಮದನ್ನು ತಣ್ಣಗಿದ್ದಾಗಲೇ ಇಳಿಸಿ. ಮೇಲಿನ ಫಿಲ್ ಬೋಲ್ಟ್ ಮೊದಲು ಬಿಚ್ಚಿ. ಅದು ಬಿಚ್ಚುತ್ತದೆ ಅಂತ ಖಾತ್ರಿಯಾದ ಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಉಲ್ಟಾ ಮಾಡಿ, ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ ಬೋಲ್ಟಿನ ತಲೆ ಸವೆದು ತಿರುಗದೆ ಒದ್ದಾಡಿದವರು ಬಹಳ ಜನ. ಕೆಳಗೆ ಬಿಳಿ ಪ್ಲಾಸ್ಟಿಕ್ ಡಬ್ಬ ಇಡಿ, ಕಪ್ಪು ಟ್ರೇ ಬೇಡ, ಬಣ್ಣ ಕಾಣಬೇಕು. ಬರುವುದು ಕಾಲು ಲೀಟರ್ ಆಸುಪಾಸು, ಅಷ್ಟೆ. ಅದಕ್ಕಿಂತ ತುಂಬಾ ಕಡಿಮೆ ಬಂದರೆ ಸೀಲ್ (ಆಕ್ಸಲ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಸೋರಿದೆ. ಜಾಸ್ತಿ ಬಂದರೆ ನೀರು ಸೇರಿದೆ.

ಈಗ ಆ ಆಯಿಲ್ ನೋಡಿ. ತೆಳುವಾಗಿ, ಪಾರದರ್ಶಕವಾಗಿ ಇದ್ದರೆ ಒಳ್ಳೆಯದು. ಸ್ವಲ್ಪ ಕಪ್ಪಾಗಿದ್ದರೂ ಚಿಂತೆ ಇಲ್ಲ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಹೊಕ್ಕಿದೆ. ತುಂಬಾ ದಿನ ನೀರು ನಿಂತಿದ್ದರೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಬೋಲ್ಟಿಗೆ ಮೆತ್ತಿಕೊಂಡಿರುತ್ತದೆ. ಎರಡು ಬೆರಳಿನಲ್ಲಿ ಸ್ವಲ್ಪ ತೆಗೆದುಕೊಂಡು ಉಜ್ಜಿ. ನುಣ್ಣಗಿದ್ದರೆ ಸರಿ. ರವೆಯ ಹಾಗೆ ತರಿತರಿ ಅಂದರೆ ಬೇರಿಂಗ್ ತಿಂದಿದೆ. ಆಮೇಲೆ ಡ್ರೈನ್ ಬೋಲ್ಟಿನ ತುದಿ. ಅಲ್ಲಿ ಮ್ಯಾಗ್ನೆಟ್ ಇದ್ದರೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬೂದು ಬಣ್ಣದ ಮೆತ್ತನೆ ಪೇಸ್ಟು ಎಲ್ಲ ಗಾಡಿಯಲ್ಲೂ ಇರುತ್ತದೆ, ಅದು ಸಹಜ ಸವೆತ. ಸೂಜಿಯಂಥ ಚೂರುಗಳು ಕಂಡರೆ ಒಳಗೆ ಏನೋ ಕೆರೆಯುತ್ತಿದೆ, ಬಿಚ್ಚಲೇಬೇಕು. ಅಕ್ಕಿ ಕಾಳಿನ ಗಾತ್ರದ ತುಂಡು, ಒಂದು ಬದಿ ಹೊಳಪು, ಇನ್ನೊಂದು ಬದಿ ಒರಟಾದ ಮುರಿತ ಕಂಡರೆ ಅದು ಕ್ರೌನ್ ಅಥವಾ ಪಿನಿಯನ್ ಹಲ್ಲು. ಮ್ಯಾಗ್ನೆಟ್ ಇಲ್ಲದಿದ್ದರೆ ಆಯಿಲನ್ನು ಹಳೆಯ ಬಿಳಿ ಪಂಚೆಯಲ್ಲಿ ಸೋಸಿ, ಎಲ್ಲ ಕಾಣುತ್ತದೆ.

ನೀರು ಹೇಗೆ ಒಳಗೆ ಹೋಗುತ್ತದೆ ಅಂತ ಬಹಳ ಜನ ಕೇಳುತ್ತಾರೆ, ಡಬ್ಬ ಪೂರ್ತಿ ಮುಚ್ಚಿದೆಯಲ್ಲ ಅಂತ. ಒಂದು ಗಂಟೆ ಓಡಿದ ಗಾಡಿಯಲ್ಲಿ ಡಬ್ಬ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿಸುತ್ತೀರಿ. ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ. ಈ ಎಳೆತ ಬಿಡಿಸೋಕೆ ಒಂದು ಸಣ್ಣ ಬ್ರೀದರ್ ಪೈಪ್ ಮೇಲಿನವರೆಗೆ ಕೊಟ್ಟಿದ್ದಾರೆ. ಆ ಪೈಪು ಮಡಿಸಿಹೋಗಿದ್ದರೆ, ಕಣಜ ಅದರ ಬಾಯಿಗೆ ಮಣ್ಣು ಮೆತ್ತಿದ್ದರೆ, ಅಥವಾ ಕಳಚಿ ಕೆಳಗೆ ಜೋತುಬಿದ್ದಿದ್ದರೆ ನೀರು ಸೀಲಿನ ಮೂಲಕವೋ ಪೈಪಿನ ಮೂಲಕವೋ ಒಳಗೆ ಬಂದೇ ಬರುತ್ತದೆ. ಆಯಿಲ್ ಸೀಲ್ ಮಾಡಿರುವುದು ಮುಖ್ಯವಾಗಿ ಒಳಗಿನ ಆಯಿಲ್ ಹೊರಗೆ ಬಾರದಂತೆ ತಡೆಯೋಕೆ. ಒಳಗಿನಿಂದ ಎಳೆತ ಇದ್ದಾಗ ಹೊರಗಿನ ನೀರನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಪ್ರೆಷರ್ ವಾಷರಿನ ಮೂತಿಯನ್ನು ಆಕ್ಸಲ್ ಡಬ್ಬ ಸೇರುವ ಜಾಗಕ್ಕೆ ಹಿಡಿದು ತೊಳೆಯುವುದೂ ಅಷ್ಟೇ ಕೆಟ್ಟದ್ದು. ಆ ಜಾಗಕ್ಕೆ ಸಾದಾ ಪೈಪಿನ ನೀರು ಸಾಕು.

ನಿಮ್ಮ ಆಯಿಲ್ ಬರೀ ಹಾಲುಬಣ್ಣ ಇದ್ದು ಚೂರುಗಳಿಲ್ಲದಿದ್ದರೆ ಬಚಾವ್ ಆಗಿದ್ದೀರಿ. ಸೀಲ್ ಬದಲಾಯಿಸಿ, ಬ್ರೀದರ್ ಸರಿ ಮಾಡಿ, ಹೊಸ ಆಯಿಲ್ ಹಾಕಿ ನಿಧಾನಕ್ಕೆ ಐದಾರು ಕಿಲೋಮೀಟರ್ ಓಡಿಸಿ ಮತ್ತೆ ಇಳಿಸಿ. ಎರಡನೇ ಸಲವೂ ಮಂಜು ಮಂಜಾಗಿದ್ದರೆ ಮೂರನೇ ಸಲ. ನೀರಿನ ಅಂಶ ಪೂರ್ತಿ ಹೋದ ಮೇಲೆ ಫೋರ್ ವೀಲ್ ತಾನಾಗಿ ಹಿಡಿಯಲು ಶುರು ಮಾಡಬಹುದು. ಆ ತೆಳು ಪ್ಲೇಟು ಅಂಟು ಜಿಡ್ಡಿನಲ್ಲಿ ಸಿಕ್ಕಿ ಅಲ್ಲಾಡದೆ ಕೂತಿರುವುದು ಬಹಳ ಸಾಮಾನ್ಯ.

ಹೊಸ ಆಯಿಲ್ ಯಾವುದು ಅನ್ನುವುದು ಸಣ್ಣ ಮಾತಲ್ಲ. ನಮ್ಮ ಗ್ಯಾರೇಜುಗಳಲ್ಲಿ ಡಿಫರೆನ್ಷಿಯಲ್ ಅಂದರೆ ಕೈ ತಾನಾಗಿ 90 ನಂಬರ್ ಗೇರ್ ಆಯಿಲ್ ಡಬ್ಬಕ್ಕೆ ಹೋಗುತ್ತದೆ. ಜೀಪಿಗೆ, ಪಿಕಪ್ಪಿಗೆ ಅದು ಸರಿ. ಪೋಲಾರಿಸ್ ಮುಂದಿನ ಡಬ್ಬಕ್ಕೆ ಡಿಮ್ಯಾಂಡ್ ಡ್ರೈವ್ ಅನ್ನುವ ತೆಳು ಆಯಿಲ್ಲೇ ಬೇಕು. ದಪ್ಪ ಆಯಿಲ್ ಹಾಕಿದರೆ ಪ್ಲೇಟು ತಡವಾಗಿ ಹಿಡಿಯುತ್ತದೆ ಅಥವಾ ಹಿಡಿಯುವುದೇ ಇಲ್ಲ, ಒಮ್ಮೊಮ್ಮೆ ಹಿಡಿದದ್ದು ಬಿಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ, ಹಿಂದಿನವರು ಏನು ಹಾಕಿದ್ದರೋ ಯಾರಿಗೆ ಗೊತ್ತು. ಇಳಿಸಿದ ಆಯಿಲ್ ಜೇನುತುಪ್ಪದ ಹಾಗೆ ನಿಧಾನಕ್ಕೆ ಬಿದ್ದರೆ, ಗಂಧಕದಂಥ ಘಾಟು ವಾಸನೆ ಬಂದರೆ ಅದು ಗೇರ್ ಆಯಿಲ್ಲೇ. ಸರಿಯಾದದ್ದು ಸಿಗಲು ಒಂದು ವಾರ ತಡವಾದರೆ ಕಾಯಿರಿ, ಬದಲಿಗೆ ಬೇರೆ ಏನೋ ಹಾಕಿಸಬೇಡಿ.

ಇನ್ನು ಸದ್ದು. ಕಟ್ ಕಟ್ ಅಂದ ತಕ್ಷಣ ಡಿಫರೆನ್ಷಿಯಲ್ ಅಂತ ತೀರ್ಮಾನ ಮಾಡಬೇಡಿ. ಈವರೆಗೆ ಓಡಿಸಿದಾಗ ಹೇಗೆ ಕೇಳಿತ್ತು ಅಂತ ನೆನಪು ಮಾಡಿಕೊಳ್ಳಿ. ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದಾಗ ಸದ್ದು ಜಾಸ್ತಿಯಾದರೆ ಅದು ಆಕ್ಸಲಿನ ಹೊರ ಜಾಯಿಂಟ್. ರಬ್ಬರ್ ಬೂಟು ಹರಿದು ಗ್ರೀಸ್ ಚೆಲ್ಲಿರುತ್ತದೆ, ಕೂತು ನೋಡಿದರೆ ಕಾಣುತ್ತದೆ. ಹೊರಡುವಾಗ ಒಂದೇ ಸಲ ಟಣ್ ಅಂದು ಆಮೇಲೆ ಕೆಳಗಿನಿಂದ ಅದುರಿದರೆ ಪ್ರೊಪೆಲ್ಲರ್ ಷಾಫ್ಟಿನ ಕ್ರಾಸ್, ಅಂದರೆ ಅದು ಬಾಗುವ ಜಾಯಿಂಟ್. ಟೂ ವೀಲ್ ಫೋರ್ ವೀಲ್ ಎರಡರಲ್ಲೂ, ವೇಗಕ್ಕೆ ತಕ್ಕಂತೆ ಗರ್‌ರ್ ಅನ್ನುತ್ತಿದ್ದರೆ ಬೇರಿಂಗ್. ಗಾಡಿಯನ್ನು ಜಾಕ್ ಮೇಲೆ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಲೊಟಲೊಟ ಅಂದರೆ ಚಕ್ರದ ಹಬ್ಬಿನ ಬೇರಿಂಗ್. ಅಲ್ಲಿ ಗಟ್ಟಿಯಾಗಿದ್ದು ಡಬ್ಬದ ಹತ್ತಿರ ಆಕ್ಸಲ್ ಅಲ್ಲಾಡಿದರೆ ಒಳಗಿನದು. ಏರಿನಲ್ಲಿ ಭಾರ ಬಿದ್ದಾಗ ಮಾತ್ರ, ಚಕ್ರದ ಸುತ್ತಿಗೆ ಸರಿಯಾಗಿ ಕಟ್ ಕಟ್ ಅಂದರೆ ಎರಡೇ ಸಾಧ್ಯತೆ. ಕ್ರೌನ್-ಪಿನಿಯನ್ ಹಲ್ಲು ಹೋಗಿದೆ, ಇಲ್ಲವೇ ರೋಲರುಗಳು ಅರ್ಧ ಹಿಡಿದು ಜಾರುತ್ತಿವೆ. ನಿಮ್ಮ ಎರಡು ತೊಂದರೆಗೂ, ಅಂದರೆ ಎಳೆಯದಿರುವುದಕ್ಕೂ ಸದ್ದಿಗೂ, ರೋಲರ್ ಜಾರುವುದು ಒಂದೇ ಕಾರಣ ಆಗಬಹುದು. ಅದಕ್ಕೇ ನನಗೆ ಇನ್ನೂ ಆಸೆ ಇದೆ.

ಬಿಚ್ಚಲೇಬೇಕು ಅಂತಾದರೆ ನೀವೂ ಗ್ಯಾರೇಜಿನಲ್ಲಿ ಹೋಗಿ ಕೂತ್ಕೊಳ್ಳಿ. ಡಬ್ಬ ಹೊರಗೆ ಬಂದ ಮೇಲೆ ಬಿಚ್ಚುವುದು ಅಗಲವಾದ ತಟ್ಟೆಯ ಮೇಲೆ ಆಗಲಿ, ಯಾಕೆಂದರೆ ಗೂಡು ಎತ್ತಿದ ತಕ್ಷಣ ರೋಲರುಗಳೂ ಅವುಗಳ ಪುಟ್ಟ ಸ್ಪ್ರಿಂಗುಗಳೂ ಹಾರಿಬಿಡುತ್ತವೆ. ನೋಡಬೇಕಾದ್ದು ಹೀಗೆ. ತೆಳು ಪ್ಲೇಟು ಕನ್ನಡಿಯ ಮೇಲೆ ಇಟ್ಟರೆ ಸಪಾಟಾಗಿ ಕೂರಬೇಕು, ಅದರ ಕಿವಿಗಳು ಸವೆದು ಮೊಂಡಾಗಿರಬಾರದು. ಪ್ಲೇಟು ಉಜ್ಜಿದ ಗುರುತು ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಮಾತ್ರ ಉಜ್ಜಿದ್ದರೆ ಕಾಯಿಲ್ ಪೂರ್ತಿ ಎಳೆಯುತ್ತಿಲ್ಲ. ಆಕ್ಸಲ್ ಹಬ್ಬಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕುವಂಥ ಗೀರುಗಳಿದ್ದರೆ ರೋಲರ್ ಅಲ್ಲೇ ಜಾರುತ್ತದೆ, ಆ ಹಬ್ಬೂ ಹೋಗಬೇಕು. ರೋಲರ್ ಬದಲಾಯಿಸಿದರೆ ಎಲ್ಲವನ್ನೂ ಒಟ್ಟಿಗೆ, ಒಂದೆರಡು ಮಾತ್ರ ಬೇಡ. ಕ್ರೌನ್ ಹಾಕಿದರೆ ಪಿನಿಯನ್ನೂ ಹೊಸದೇ ಹಾಕಿ. ಹಳೆಯ ಹಲ್ಲು ಹೊಸ ಹಲ್ಲನ್ನು ಆರು ತಿಂಗಳಲ್ಲಿ ತನ್ನ ಹಾಗೇ ಮಾಡಿಕೊಳ್ಳುತ್ತದೆ. ವಾಪಸ್ ಜೋಡಿಸುವಾಗ ಕ್ರೌನ್ ಪಿನಿಯನ್ ನಡುವಿನ ಪ್ಲೇ (ಹಲ್ಲುಗಳ ನಡುವಿನ ಸಣ್ಣ ಸಡಿಲ) ಸರಿಯಾಗಿ ಇಡಬೇಕು. ತೀರಾ ಬಿಗಿಯಾದರೆ ಕಿರುಚುತ್ತದೆ, ಬಿಸಿಯಾಗುತ್ತದೆ. ಸಡಿಲವಾದರೆ ಹಲ್ಲು ತುದಿಯಲ್ಲಿ ಮಾತ್ರ ಹಿಡಿದು ಮತ್ತೆ ಮುರಿಯುತ್ತದೆ. ಈ ಅಳತೆ ಗೊತ್ತಿಲ್ಲದವರ ಕೈಗೆ ಕ್ರೌನ್-ಪಿನಿಯನ್ ಕೆಲಸ ಕೊಡಬೇಡಿ. ಬೇರಿಂಗ್ ಸೀಲ್ ಆದರೆ ಒಳ್ಳೆಯ ಜೀಪ್ ಮೆಕ್ಯಾನಿಕ್ ಸಾಕು.

ಖರ್ಚಿನ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಈ ಗಾಡಿಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಅಲ್ಲಿನ ಬೆಲೆಯನ್ನು ಅಳತೆಗೋಲು ಮಾಡಿಕೊಳ್ಳುವುದು ಸುಲಭ. ಅಲ್ಲಿ ಬೇರಿಂಗ್ ಸೀಲ್ ಕಿಟ್ ಸುಮಾರು 100 ಡಾಲರ್, ಕಾಯಿಲ್ಲೂ ಹೆಚ್ಚುಕಡಿಮೆ ಅಷ್ಟೇ, ರೋಲರ್ ಗೂಡು ಮತ್ತು ಪ್ಲೇಟಿನ ಸೆಟ್ 100ರಿಂದ 150, ಕ್ರೌನ್-ಪಿನಿಯನ್ 200ರಿಂದ 300 ಡಾಲರ್. ಬೇರೆ ಕಂಪನಿಯವರು ಮಾಡಿದ ಪೂರ್ತಿ ಡಬ್ಬ 450ರಿಂದ 700 ಡಾಲರಿಗೆ ಸಿಗುತ್ತದೆ, ಪೋಲಾರಿಸ್‌ನದ್ದೇ ಬೇಕೆಂದರೆ ಸಾವಿರ ಡಾಲರ್ ದಾಟುತ್ತದೆ. ಅಲ್ಲಿ ಕೂಲಿ ಗಂಟೆಗೆ 100 ಡಾಲರಿಗೆ ಮೇಲೆ, ಹಾಗಾಗಿ ಬಿಚ್ಚಿ ರಿಪೇರಿ ಮಾಡುವುದಕ್ಕಿಂತ ಪೂರ್ತಿ ಬದಲಾಯಿಸುವುದೇ ಅವರಿಗೆ ಎಷ್ಟೋ ಸಲ ಲಾಭ. ನಮ್ಮಲ್ಲಿ ಲೆಕ್ಕ ಉಲ್ಟಾ. ಸಾಮಾನು ದುಬಾರಿ, ಕೂಲಿ ಕಡಿಮೆ. ಅಲ್ಲಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್, ಜಿಎಸ್‌ಟಿ ಸೇರಿ ಅಲ್ಲಿನ ಬೆಲೆಯ ಒಂದೂವರೆ ಪಟ್ಟಾದರೂ ಆಗುತ್ತದೆ, ಪೂರ್ತಿ ಡಬ್ಬದಂಥ ತೂಕದ ಸಾಮಾನಿಗೆ ಇನ್ನೂ ಜಾಸ್ತಿ. ಅದಕ್ಕೇ ನಮ್ಮಲ್ಲಿ ಬಿಚ್ಚಿ ರಿಪೇರಿ ಮಾಡುವವರೇ ಗೆಲ್ಲುವುದು.

ನಾನು ಮಾಡಿದ ಕೆಲಸಗಳ ಅಂದಾಜಿನಲ್ಲಿ ಹೇಳುವುದಾದರೆ, ಬರೀ ಸೀಲ್ ಮತ್ತು ಆಯಿಲ್ ಅಂದರೆ ಕೂಲಿ ಸೇರಿ 8,000ದಿಂದ 12,000 ರೂಪಾಯಿ. ಬೇರಿಂಗುಗಳೂ ಸೇರಿದರೆ 15,000ದಿಂದ 20,000. ರೋಲರ್ ಗೂಡು, ಪ್ಲೇಟು, ಕಾಯಿಲ್ ಎಲ್ಲ ಹೊಸದಾದರೆ 40,000ದಿಂದ 50,000ದವರೆಗೆ ಹೋಗುತ್ತದೆ. ಕ್ರೌನ್-ಪಿನಿಯನ್ನೂ ಹೋಗಿದ್ದರೆ ಒಟ್ಟು 80,000 ಮುಟ್ಟುತ್ತದೆ, ಆ ಹಂತದಲ್ಲಿ ಬೇರೆ ಕಂಪನಿಯ ಪೂರ್ತಿ ಡಬ್ಬ ತರಿಸುವುದು ಮೇಲು. ಅದು ಇಲ್ಲಿಗೆ ಬರುವ ಹೊತ್ತಿಗೆ 70,000ದಿಂದ ಒಂದು ಲಕ್ಷ ಆಗಬಹುದು. ಡಾಲರ್ ಏರಿಳಿತ ನೋಡಿಕೊಂಡು ಇದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ. ನಿಮಗೆ ಹೇಳಿದ 1,60,000 ಕಂಪನಿಯ ಒರಿಜಿನಲ್ ಡಬ್ಬಕ್ಕೆ ಇರಬಹುದು, ಆ ಬೆಲೆ ಸುಳ್ಳಲ್ಲ. ನಿಮಗೆ ಅದು ಬೇಕಾ ಅನ್ನುವುದೇ ಪ್ರಶ್ನೆ.

ಬೇರಿಂಗಿನಲ್ಲಿ ದುಡ್ಡು ಉಳಿಸುವ ಒಂದು ವಿಷಯ ಹೇಳುತ್ತೇನೆ. ಎಟಿವಿ ಬೇರಿಂಗ್ ಅಂತ ಹೇಳಿ ತರಿಸಬೇಕಿಲ್ಲ. ಹಳೆಯ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು ಅದರ ಪಕ್ಕದಲ್ಲಿ ಕೊರೆದ ನಂಬರ್ ಓದಿ. ಉದಾಹರಣೆಗೆ 6006 ಅಂತಿದ್ದರೆ ಒಳವ್ಯಾಸ 30, ಹೊರವ್ಯಾಸ 55, ದಪ್ಪ 13 ಮಿಲಿಮೀಟರ್. ಅದು ಯಾವ ಕಂಪನಿಯದಾದರೂ ಅಳತೆ ಒಂದೇ. ಹಾಸನದ ಬೇರಿಂಗ್ ಅಂಗಡಿಯಲ್ಲಿ ಕೇಳಿ, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಆಯಿಲ್ ಸೀಲಿನ ಮೇಲೂ ಮೂರು ಅಳತೆ ಬರೆದಿರುತ್ತದೆ. ತುಟಿ ಒಂದಿರುವ ಸೀಲ್ ಬೇಡ, ಎರಡು ತುಟಿ ಇರುವುದೇ ಕೇಳಿ ತಗೊಳ್ಳಿ, ಹೊರತುಟಿ ಮಣ್ಣನ್ನು ತಡೆಯುತ್ತದೆ. ಸೀಲ್ ಕೂರಿಸುವ ಮೊದಲು ಆಕ್ಸಲ್ ಮೇಲೆ ಹಳೆಯ ಸೀಲ್ ಉಜ್ಜಿದ ಜಾಗ ನೋಡಿ. ಅಲ್ಲಿ ತೋಡು ಬಿದ್ದಿದ್ದರೆ ಹೊಸ ಸೀಲೂ ಮುಂದಿನ ಮಳೆಗೆ ಸೋರುತ್ತದೆ.

ಪೂರ್ತಿ ಡಬ್ಬ ಬದಲಾಯಿಸಲೇಬೇಕಾದ ಸಂದರ್ಭವೂ ಇದೆ. ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಅಥವಾ ಬೇರಿಂಗಿನ ಹೊರಬಳೆಯೇ ತಿರುಗಿ ಅಲ್ಯೂಮಿನಿಯಂ ಮನೆಯನ್ನು ಅಗಲ ಮಾಡಿದ್ದರೆ. ಇಂಥದ್ದಕ್ಕೆ ಲೇತಿನಲ್ಲಿ ಬುಷ್ ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಹಿಂದಿನ ಕಾಲದ ದಪ್ಪ ಎರಕದ ಹೌಸಿಂಗಿಗೆ ಅದು ನಡೆಯುತ್ತಿತ್ತು. ಈ ತೆಳು ಹೌಸಿಂಗಿನಲ್ಲಿ ಸೆಂಟರ್ ಕೂದಲೆಳೆಯಷ್ಟು ತಪ್ಪಿದರೂ ಹಲ್ಲು ಓರೆಯಾಗಿ ಹಿಡಿಯುತ್ತದೆ. ನಾನು ಮಾಡಿಸುವುದಿಲ್ಲ.

ಟೈರ್ ನೋಡಿದ್ದೀರಾ? ನಿಮ್ಮ ಗಾಡಿಗೆ ಮುಂದೆ ಹಿಂದೆ ಎರಡೂ 25 ಇಂಚು ಎತ್ತರದ್ದು, ಅಗಲ ಮಾತ್ರ ಬೇರೆ. ಹಿಂದಿನದು ಸವೆದು ಬೋಳಾಗಿ, ಮುಂದೆ ಮಾತ್ರ ಹೊಸದು ಅಥವಾ ದೊಡ್ಡದು ಹಾಕಿದರೆ ಒಣ ನೆಲದಲ್ಲೂ ರೋಲರ್ ಹಿಡಿಯಲು ಶುರುವಾಗುತ್ತದೆ. ಹ್ಯಾಂಡಲ್ ಭಾರ ಆಗುತ್ತದೆ, ಕ್ರೌನಿಗೆ ಬಿಡುವೇ ಇರುವುದಿಲ್ಲ. ಉಲ್ಟಾ ಹಿಂದೆ ದೊಡ್ಡದು ಹಾಕಿದರೆ ಕೆಸರಲ್ಲಿ ಬಹಳ ಜಾರಿದ ಮೇಲೇ ಮುಂದಿನದು ಹಿಡಿಯುತ್ತದೆ. ಗಾಳಿಯೂ ಸರಿಯಾಗಿರಲಿ. ಮತ್ತೆ, ಓಡಿಸುವ ಹುಡುಗರಿಗೆ ಒಂದು ಮಾತು ಹೇಳಿ. ಕೆಸರಲ್ಲಿ ಸಿಕ್ಕಿ ಹಿಂದಿನ ಚಕ್ರ ಜೋರಾಗಿ ಸುತ್ತುತ್ತಿರುವಾಗ ಫೋರ್ ವೀಲ್ ಸ್ವಿಚ್ ಒತ್ತಬಾರದು. ಆಕ್ಸಿಲರೇಟರ್ ಬಿಡಬೇಕು, ಚಕ್ರ ನಿಲ್ಲಬೇಕು, ಆಮೇಲೆ ಸ್ವಿಚ್, ಆಮೇಲೆ ನಿಧಾನಕ್ಕೆ ಆಕ್ಸಿಲರೇಟರ್. ನನ್ನ ಟೇಬಲ್ಲಿಗೆ ಬಂದ ಮುರಿದ ಹಲ್ಲುಗಳಲ್ಲಿ ಹೆಚ್ಚಿನವು ಒಂದು ಸೆಕೆಂಡ್ ಕಾಯದೆ ಇದ್ದದ್ದಕ್ಕೇ ಮುರಿದದ್ದು.

ಬೇರೆ ಕಂಪನಿಯ ಗಾಡಿ ಇರುವವರು ಇದನ್ನು ಓದುತ್ತಿದ್ದರೆ, ಮೇಲಿನ ರೋಲರ್ ಕತೆ ನಿಮಗೆ ಅನ್ವಯ ಆಗುವುದಿಲ್ಲ. ಯಮಹಾ ಗ್ರಿಜ್ಲಿಯಲ್ಲಿ ಹಲ್ಲುಚಕ್ರದ ಡಿಫರೆನ್ಷಿಯಲ್ಲೇ ಇದೆ, ಅದನ್ನು ಲಾಕ್ ಮಾಡಲು ಪುಟ್ಟ ಸರ್ವೊ ಮೋಟಾರ್. ಅಲ್ಲಿ ಫೋರ್ ವೀಲ್ ಗುರುತು ಸುಮ್ನೆ ಮಿಣುಕುತ್ತಿದ್ದರೆ ಮೊದಲು ಆ ಮೋಟಾರು ಮತ್ತು ಅದರ ಕನೆಕ್ಟರ್ ನೋಡಿ. ಕ್ಯಾನ್-ಆಮ್‌ನ ಹಲವು ಮಾಡೆಲ್‌ಗಳಲ್ಲಿ ವಿಸ್ಕೊ-ಲಾಕ್ ಇದೆ, ಒಂದು ಚಕ್ರ ಸುಮ್ನೆ ಸುತ್ತಿದಾಗ ಒಳಗಿನ ದ್ರವದ ಒತ್ತಡವೇ ಎರಡನ್ನೂ ಸೇರಿಸುತ್ತದೆ. ಹೋಂಡಾ ಮತ್ತು ಯಮಹಾ ಮುಂದಿನ ಡಬ್ಬಕ್ಕೆ ಹೈಪಾಯ್ಡ್ ಗೇರ್ ಆಯಿಲ್ಲೇ ಹಾಕಬೇಕು, ಪೋಲಾರಿಸ್‌ನ ತೆಳು ಆಯಿಲ್ ಅಲ್ಲಿಗೆ ಆಗದು. ನೀರು, ಬ್ರೀದರ್, ಬೇರಿಂಗ್ ನಂಬರ್, ಇಲಿ ಇವು ಮಾತ್ರ ಎಲ್ಲರಿಗೂ ಒಂದೇ.

ನಿಮ್ಮ ವಿಷಯಕ್ಕೆ ವಾಪಸ್. ಈ ಭಾನುವಾರ ಮೀಟರ್ ಇಡಿ, ಆಯಿಲ್ ಇಳಿಸಿ. ಬಿಳಿ ಡಬ್ಬದಲ್ಲಿರುವ ಆಯಿಲಿನದೊಂದು, ಡ್ರೈನ್ ಬೋಲ್ಟಿನ ತುದಿಯದೊಂದು, ಹತ್ತಿರದಿಂದ ಎರಡು ಫೋಟೋ ತೆಗೆದು ಕಳಿಸಿ, ಕಾಯಿಲ್‌ನ ಓಮ್ಸ್ ಎಷ್ಟು ಬಂತು ಅಂತಲೂ ಬರೆಯಿರಿ. ಗ್ಯಾರೇಜಿಗೇ ಕೊಡುವುದಾದರೆ ಬಿಚ್ಚಿದ ಸಾಮಾನು ಒಂದನ್ನೂ ಎಸೆಯದೆ, ಹಳೆಯ ಡಬ್ಬದ ಸಮೇತ ನಿಮಗೇ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿಬಿಡಿ.